ವೇಗದ ಮಿತಿಯನ್ನು ಉಪಗ್ರಹ ಹೇಳಬೇಕೆ?

ಇಂದು ನಮ್ಮ ಅನೇಕ ಕುಟುಂಬಗಳ ಕಾರುಗಳಲ್ಲಿ ಎರಡು ವಸ್ತುಗಳು ಅಕ್ಕಪಕ್ಕದಲ್ಲಿ ಕಾಣಸಿಗುತ್ತವೆ. ಒಂದು, ಕನ್ನಡಿಗೆ ತೂಗುಹಾಕಿದ ಜಪಸರ. ಇನ್ನೊಂದು, ದಾರಿ ತೋರಿಸುವ ಮೊಬೈಲು. ಜಪಸರ ಮೌನವಾಗಿ ತೂಗುತ್ತಿರುತ್ತದೆ. ಮೊಬೈಲು ಮಾತನಾಡುತ್ತದೆ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎನ್ನುತ್ತಿದ್ದ ಅದು ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಹೊಣೆಯನ್ನೂ ಹೊತ್ತುಕೊಂಡಿದೆ. ನಾವು ಸಾಗುತ್ತಿರುವ ವೇಗವೆಷ್ಟು, ಈ ರಸ್ತೆಯ ವೇಗಮಿತಿ ಎಷ್ಟು ಎಂಬುದನ್ನೂ ಅಂಕಿಗಳಲ್ಲಿ ತೋರಿಸತೊಡಗಿದೆ. ಇದರ ಪರಿಣಾಮವಾಗಿ ಉಡುಪಿಯಿಂದ ಕಾಪುವಿಗೋ ಮಣಿಪಾಲದಿಂದ ಕಾರ್ಕಳಕ್ಕೋ ವಾಹನ ಓಡಿಸುವವರಲ್ಲಿ ಹೊಸ ನೀತಿಶಾಸ್ತ್ರವೊಂದು ಹುಟ್ಟಿಕೊಂಡಿದೆ: ‘ಮೊಬೈಲು ಎಚ್ಚರಿಸಲಿಲ್ಲ, ಆದುದರಿಂದ ನನ್ನದು ತಪ್ಪಲ್ಲ.’ ಈ ನೀತಿಶಾಸ್ತ್ರ ಸುಳ್ಳು ಮಾತ್ರವಲ್ಲ, ಪ್ರಾಣಕ್ಕೂ ಆತ್ಮಕ್ಕೂ ಅಪಾಯಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ವಸ್ತುಸ್ಥಿತಿಯನ್ನು ಅರಿಯೋಣ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿವೆ. ಭಾರತದ್ದೇ ಆದ ವ್ಯವಸ್ಥೆಗೆ 2016ರಲ್ಲಿ ‘ನಾವಿಕ್’ ಎಂಬ ಹೆಸರಿಡಲಾಯಿತು. ಈ ಉಪಗ್ರಹಗಳು ಕಳುಹಿಸುವುದು ಸಮಯ ಮತ್ತು ತಮ್ಮ ಸ್ಥಾನವನ್ನು ತಿಳಿಸುವ ಸಂಕೇತಗಳನ್ನು ಮಾತ್ರ. ಅವುಗಳಿಂದ ನಮ್ಮ ಸ್ಥಾನವನ್ನೂ ವೇಗವನ್ನೂ ಲೆಕ್ಕಹಾಕುವುದು ಕೈಯಲ್ಲಿರುವ ಉಪಕರಣ. ಕಾಪುವಿನ ಪೇಟೆಯಾಗಲಿ, ಅಲ್ಲಿನ ಶಾಲೆಯಾಗಲಿ, ಶಾಲೆಯ ಮುಂದಿನ ವೇಗಮಿತಿಯಾಗಲಿ ಆಕಾಶದಲ್ಲಿರುವ ಯಾವ ಉಪಗ್ರಹಕ್ಕೂ ತಿಳಿಯದು. ಮಿತಿಯ ಅಂಕಿ ಬರುವುದು ನಕ್ಷೆಯ ಕಂಪೆನಿ ಕೂಡಿಟ್ಟ ದಾಖಲೆಯಿಂದ. ಗೂಗಲ್ ಸಂಸ್ಥೆಯು ಸಂಚಾರ ಅಧಿಕಾರಿಗಳ ಸಹಕಾರದಿಂದ ವೇಗಮಿತಿಯನ್ನು ತೋರಿಸುವ ಕೆಲಸವನ್ನು 2022ರಲ್ಲಿ ಬೆಂಗಳೂರಿನಿಂದ ಆರಂಭಿಸುವುದಾಗಿ ಪ್ರಕಟಿಸಿತು. ಮಹಾನಗರದಲ್ಲಿ ಆರಂಭವಾದ ಇಂಥ ದಾಖಲೆಯು ನಮ್ಮ ಹಳ್ಳಿಯ ಒಳರಸ್ತೆಗಳಲ್ಲೂ ಅಷ್ಟೇ ಖಚಿತವಾಗಿರುತ್ತದೆಂದು ನಂಬುವುದಕ್ಕೆ ಆಧಾರವೇನು?

ನಮ್ಮ ರಾಷ್ಟ್ರೀಯ ಹೆದ್ದಾರಿ 66ನ್ನೇ ನೋಡಿರಿ. ಕಾಪು, ಕಟಪಾಡಿ, ಉಡುಪಿಗಳಲ್ಲಿ ಹೆದ್ದಾರಿಯ ಮಗ್ಗುಲಲ್ಲೇ ಸರ್ವಿಸ್ ರಸ್ತೆಗಳಿವೆ. ತೆರೆದ ಆಕಾಶದ ಕೆಳಗೂ ಸಾಮಾನ್ಯ ಮೊಬೈಲು ತೋರಿಸುವ ಸ್ಥಾನದಲ್ಲಿ ನಾಲ್ಕೈದು ಮೀಟರುಗಳ ವ್ಯತ್ಯಾಸವಿರುವುದುಂಟು. ಹೆದ್ದಾರಿಗೂ ಸರ್ವಿಸ್ ರಸ್ತೆಗೂ ಇರುವ ಅಂತರವೂ ಕೆಲವೆಡೆ ಅಷ್ಟೇ. ಹೀಗಿರುವಾಗ ಸರ್ವಿಸ್ ರಸ್ತೆಯಲ್ಲಿ ಸಾಗುವ ಕಾರಿಗೆ ಹೆದ್ದಾರಿಯ ಮಿತಿಯನ್ನು ತೋರಿಸುವ ಪ್ರಮಾದ ಸಂಭವಿಸಬಹುದು. ಬೆಳಗಿನ ಬಲಿಪೂಜೆ ಮುಗಿಸಿ ಮರಳುವ ಹಿರಿಯರು, ಬಸ್ಸಿಗಾಗಿ ಓಡುವ ಮಕ್ಕಳು, ಮೀನಿನ ಬುಟ್ಟಿ ಹೊತ್ತ ತಾಯಂದಿರು ನಡೆಯುವುದು ಇದೇ ರಸ್ತೆಯಲ್ಲಿ. ಇವರಾರೂ ಮೊಬೈಲಿನ ಪರದೆಯ ಮೇಲೆ ಕಾಣಿಸುವುದಿಲ್ಲ.

ಪರದೆಯನ್ನೇ ನಂಬಿದವರ ಪಾಡು ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2024ರ ಜೂನ್ ತಿಂಗಳಲ್ಲಿ ನಮ್ಮ ನೆರೆಯ ಕಾಸರಗೋಡು ಜಿಲ್ಲೆಯ ಪಳ್ಳಂಜಿಯಲ್ಲಿ, ಕರ್ನಾಟಕದ ಆಸ್ಪತ್ರೆಗೆ ಹೊರಟಿದ್ದ ಇಬ್ಬರು ಯುವಕರು ನಕ್ಷೆ ತೋರಿದ ದಾರಿಯಲ್ಲೇ ಸಾಗಿ, ತುಂಬಿ ಹರಿಯುತ್ತಿದ್ದ ಹೊಳೆಗೆ ಕಾರನ್ನು ಇಳಿಸಿದರು. ಅವರು ಬದುಕಿ ಉಳಿದದ್ದು ದೇವರ ಕೃಪೆ. ಅದೇ ವರ್ಷ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ಪೂರ್ಣಗೊಳ್ಳದ ಸೇತುವೆಯಿಂದ ಕಾರು ಕೆಳಗುರುಳಿ ಮೂವರು ಪ್ರಾಣ ಕಳೆದುಕೊಂಡರು. ಅವರೂ ನಕ್ಷೆಯನ್ನು ಅನುಸರಿಸುತ್ತಿದ್ದರೆಂದು ವರದಿಯಾಯಿತು. ಕಣ್ಣೆದುರಿನ ನೀರನ್ನೂ ಮುರಿದ ದಾರಿಯನ್ನೂ ಅರಿಯದ ಉಪಕರಣವು, ರಸ್ತೆ ದಾಟಲು ನಿಂತಿರುವ ಮಗುವನ್ನು ಅರಿತೀತೆ?

‘ಸ್ವಾಮಿ, ರಸ್ತೆಯಲ್ಲಿ ಫಲಕವೇ ಇಲ್ಲದಿರುವಾಗ ನಾವು ಏನು ಮಾಡಬೇಕು?’ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. 1988ರ ಮೋಟಾರು ವಾಹನ ಕಾಯಿದೆಯ 112ನೆಯ ಕಲಮು ಮಿತಿ ಮೀರಿ ಓಡಿಸಬಾರದೆಂದು ಚಾಲಕನಿಗೆ ಆಜ್ಞಾಪಿಸುತ್ತದೆ. ಅದೇ ಕಲಮು, ಒಂದು ರಸ್ತೆಯಲ್ಲಿ ವೇಗವನ್ನು ನಿರ್ಬಂಧಿಸುವ ಸರಕಾರವು ಸೂಕ್ತ ಫಲಕಗಳನ್ನು ನೆಡಿಸಬೇಕೆಂದೂ ಹೇಳುತ್ತದೆ. ಫಲಕ ನೆಡದೆ ದಂಡದ ರಶೀದಿಯನ್ನು ಮಾತ್ರ ಕಳುಹಿಸುವ ಆಡಳಿತವು ಅರ್ಧ ಕರ್ತವ್ಯವನ್ನಷ್ಟೇ ಮಾಡಿದಂತಾಯಿತು. ಬಣ್ಣ ಮಾಸಿದ ಫಲಕ, ಬಳ್ಳಿ ಹಬ್ಬಿದ ಫಲಕ, ವಾಹನ ಬಡಿದು ವಾಲಿದ ಫಲಕ ಇವೆಲ್ಲವೂ ಅಧಿಕಾರಿಗಳ ಉದಾಸೀನಕ್ಕೆ ಸಾಕ್ಷಿಗಳು.

ಆದರೆ ಕೈಬೆರಳನ್ನು ಅಧಿಕಾರಿಗಳತ್ತ ಮಾತ್ರ ತೋರಿಸಿ ಸುಮ್ಮನಾಗುವಂತಿಲ್ಲ. ಹಬ್ಬ ಹರಿದಿನಗಳಲ್ಲಿ, ಮದುವೆಗಳಲ್ಲಿ, ಅಭಿನಂದನಾ ಸಮಾರಂಭಗಳಲ್ಲಿ ರಸ್ತೆಬದಿಯ ಫಲಕವನ್ನು ಮುಚ್ಚುವ ಫ್ಲೆಕ್ಸುಗಳನ್ನು ಕಟ್ಟುವವರು ಯಾರು? ಎಲ್ಲ ಮತಧರ್ಮದವರೂ ಕಟ್ಟುತ್ತಾರೆ. ನಮ್ಮ ಸಂಘಟನೆಗಳೂ ಹೊರತಲ್ಲ. ಪ್ರಾಣ ಉಳಿಸುವ ಅಂಕಿಯ ಮೇಲೆ ಸ್ವಾಗತ ಕೋರುವವರ ಭಾವಚಿತ್ರಗಳು ರಾರಾಜಿಸುತ್ತಿರುವಾಗ, ಆ ಹಬ್ಬದಿಂದ ದೇವರಿಗೆ ಸಂದ ಮಹಿಮೆ ಯಾವುದು?

ಇನ್ನು ಮಿತಿಯನ್ನು ಪಾಲಿಸುವುದಕ್ಕಲ್ಲ, ಮೀರುವುದಕ್ಕೆಂದೇ ಉಪಕರಣವನ್ನು ಬಳಸುವವರಿದ್ದಾರೆ. ವೇಗವನ್ನು ಹಿಡಿಯುವ ಕ್ಯಾಮರಾ ಎಲ್ಲಿದೆಯೆಂದು ಕೆಲವು ನಕ್ಷೆಗಳು ಮುನ್ಸೂಚನೆ ನೀಡುತ್ತವೆ. ಅಲ್ಲಿಯವರೆಗೆ ಸಂತನಂತೆ ನಿಧಾನ, ಅದನ್ನು ದಾಟಿದ ಕೂಡಲೇ ಮತ್ತೆ ನಾಗಾಲೋಟ! ಮತ್ತೊಂದು ಜಾಣತನವೂ ಉಂಟು. ಕಾರಿನ ವೇಗಮಾಪಕವು ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸುವಂತೆ ರೂಪಿಸುವುದು ತಯಾರಕರ ವಾಡಿಕೆ. ಸುರಕ್ಷತೆಗಾಗಿ ಉಳಿಸಿದ ಆ ಅಂತರವನ್ನೂ ಮೊಬೈಲಿನ ಲೆಕ್ಕ ನೋಡಿ ಕಬಳಿಸುವವರಿದ್ದಾರೆ. ಸಂತ ಪೌಲರು ರೋಮಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ, ದಂಡನೆಯ ಭಯದಿಂದ ಮಾತ್ರವಲ್ಲದೆ ಆತ್ಮಸಾಕ್ಷಿಯ ನಿಮಿತ್ತವೂ ಅಧಿಕಾರಕ್ಕೆ ವಿಧೇಯರಾಗಬೇಕೆಂದು ಬೋಧಿಸಿದ್ದಾರೆ. ಕ್ಯಾಮರಾ ಕಂಡಲ್ಲಿ ಮಾತ್ರ ಎಚ್ಚರಗೊಳ್ಳುವುದನ್ನು ಆತ್ಮಸಾಕ್ಷಿ ಎಂದು ಕರೆಯಲಾದೀತೆ?

ಇದು ಬರಿಯ ಉಪದೇಶವೆಂದು ತಳ್ಳಿಹಾಕುವವರು ಅಂಕಿ ಅಂಶಗಳನ್ನಾದರೂ ಗಮನಿಸಲಿ. ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ಶೇಕಡಾ 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದು ಆ ವರದಿ ಹೇಳುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗಿದರೆ, 80ರ ವೇಗದ ಕಾರು 22 ಮೀಟರ್ ಸಾಗುತ್ತದೆ. ವೇಗ ಹೆಚ್ಚಿದ್ದು ಮೂರನೆಯ ಒಂದು ಪಾಲು. ಆದರೆ ಢಿಕ್ಕಿಯ ಶಕ್ತಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚುತ್ತದೆ. ಮಿತಿಯನ್ನು ತಿಳಿಯಲೆಂದು ಪರದೆಯತ್ತ ಎರಡು ಸೆಕೆಂಡು ಕಣ್ಣು ಹಾಯಿಸಿದರೆ, ಅಷ್ಟರಲ್ಲಿ ಕಾರು 44 ಮೀಟರ್ ದೂರವನ್ನು ಕುರುಡಾಗಿ ಕ್ರಮಿಸಿರುತ್ತದೆ.

ಶ್ರೀಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. ಕಥೋಲಿಕ ಶ್ರೀಸಭೆಯ ಧರ್ಮೋಪದೇಶ ಗ್ರಂಥದ 2290ನೆಯ ಪರಿಚ್ಛೇದವು, ಕುಡಿತದಿಂದ ಅಥವಾ ವೇಗದ ಹುಚ್ಚಿನಿಂದ ತನ್ನ ಮತ್ತು ಪರರ ಪ್ರಾಣವನ್ನು ಅಪಾಯಕ್ಕೊಡ್ಡುವುದನ್ನು ಘೋರ ಅಪರಾಧವೆಂದು ಪರಿಗಣಿಸುತ್ತದೆ. 2007ರ ಜೂನ್‌ನಲ್ಲಿ ವ್ಯಾಟಿಕನ್ ಪ್ರಕಟಿಸಿದ ಮಾರ್ಗಸೂಚಿಯು ವಾಹನ ಚಾಲಕರಿಗೆಂದೇ ಹತ್ತು ಆಜ್ಞೆಗಳನ್ನು ನೀಡಿತು. ಅವುಗಳಲ್ಲಿ ಮೊದಲನೆಯದು ಕೊಲೆ ಮಾಡಬಾರದೆಂಬ ಆಜ್ಞೆಯೇ. ಆದರೂ ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡುವಾಗ, ಕಳೆದ ವಾರ ಓಡಿಸಿದ ವೇಗವನ್ನು ನೆನೆಯುವವರು ನಮ್ಮಲ್ಲಿ ಎಷ್ಟು ಮಂದಿ? ದೇವಾಲಯದ ತುದಿಯಿಂದ ಧುಮುಕು, ದೂತರು ಕಾಪಾಡುವರು ಎಂದ ಶೋಧಕನಿಗೆ ಯೇಸುಸ್ವಾಮಿ ಮಣಿಯಲಿಲ್ಲ. ಕಾರಿಗೆ ಆಶೀರ್ವಾದ ಮಾಡಿಸಿದ್ದೇವೆಂಬ ಧೈರ್ಯದಿಂದ ನೂರರ ವೇಗದಲ್ಲಿ ಧಾವಿಸುವುದೂ ದೇವರನ್ನು ಪರೀಕ್ಷಿಸುವ ಕೃತ್ಯವೇ.

ಮಿತಿಯೆಂದರೆ ಮುಟ್ಟಲೇಬೇಕಾದ ಗುರಿಯಲ್ಲ, ಅದು ದಾಟಬಾರದ ಗಡಿ. ಆಷಾಢದ ಮಳೆಯಲ್ಲಿ ಕಾರ್ಕಳದ ತಿರುವುಗಳಲ್ಲಿ ಫಲಕ ಅನುಮತಿಸುವ ವೇಗವೂ ಅತಿವೇಗವಾದೀತು. ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಬಸಿಲಿಕದ ಮಹೋತ್ಸವಕ್ಕೆ ಜನಸಾಗರ ಹರಿದು ಬರುವಾಗ, ಆ ರಸ್ತೆಯ ಮಿತಿಯನ್ನು ನಿರ್ಧರಿಸಬೇಕಾದುದು ಕಾಲ್ನಡಿಗೆಯ ಯಾತ್ರಿಕನ ಹೆಜ್ಜೆ. ಅದನ್ನು ಕಾಣಲು ಬೇಕಾದುದು ಕಣ್ಣು, ಅದಕ್ಕೆ ಮಣಿಯಲು ಬೇಕಾದುದು ನೆರೆಯವನ ಮೇಲಿನ ಪ್ರೀತಿ.

ಮೊಬೈಲನ್ನು ಎಸೆದುಬಿಡಿ ಎಂದು ನಾನು ಹೇಳುತ್ತಿಲ್ಲ. ಅಪರಿಚಿತ ಊರಿನಲ್ಲಿ ಅದು ಉಪಕಾರಿ. ಅದರ ಎಚ್ಚರಿಕೆಯಿಂದ ಒಬ್ಬನಾದರೂ ವೇಗ ತಗ್ಗಿಸಿದರೆ ಸಂತೋಷವೇ. ಹೊರಡುವ ಮೊದಲೇ ದಾರಿಯನ್ನು ನಿಗದಿಪಡಿಸಿರಿ. ಪರದೆ ನೋಡುವ ಕೆಲಸವನ್ನು ಪಕ್ಕದಲ್ಲಿ ಕುಳಿತವರಿಗೆ ಒಪ್ಪಿಸಿರಿ. ಅಂಕಿ ಮತ್ತು ಫಲಕ ಭಿನ್ನವಾದಲ್ಲಿ ಫಲಕವನ್ನು ನಂಬಿರಿ, ಫಲಕವಿಲ್ಲದಲ್ಲಿ ನಿಧಾನವನ್ನು ನಂಬಿರಿ. ಪ್ರತಿಯೊಂದು ಧರ್ಮಕೇಂದ್ರದ ಪಾಲನಾ ಮಂಡಳಿಯೂ ತನ್ನ ವ್ಯಾಪ್ತಿಯಲ್ಲಿ ಎಲ್ಲೆಲ್ಲಿ ಫಲಕಗಳಿಲ್ಲ, ಎಲ್ಲೆಲ್ಲಿ ಮುಚ್ಚಿಹೋಗಿವೆ ಎಂದು ಪಟ್ಟಿಮಾಡಿ ಪಂಚಾಯತಿಗೂ ಪೊಲೀಸ್ ಠಾಣೆಗೂ ಲಿಖಿತವಾಗಿ ಸಲ್ಲಿಸಲಿ; ಅದಕ್ಕೆ ಮೊದಲು ನಾವೇ ಕಟ್ಟಿದ ಫ್ಲೆಕ್ಸನ್ನು ನಾವೇ ಬಿಚ್ಚೋಣ. ಮಗನ ಕೈಗೆ ಕಾರಿನ ಕೀಲಿಯನ್ನು ಕೊಡುವ ತಂದೆತಾಯಿಗಳು, ರಸ್ತೆಯಲ್ಲಿ ನಡೆಯುವವರೂ ಯಾರದೋ ಮನೆಯ ಮಕ್ಕಳು ಎಂಬ ಮಾತನ್ನೂ ಅದರೊಂದಿಗೆ ಕೊಡಲಿ. ಆ ಮಾತನ್ನು ಯಾವ ಉಪಗ್ರಹವೂ ಹೇಳಿಕೊಡಲಾರದು.