ಹಗಲಿನ ತೂಕಡಿಕೆ: ಸೋಮಾರಿತನವೋ, ಸೂಚನೆಯೋ?



ತರಗತಿಯಲ್ಲಿ ಯಾರಾದರೂ ತೂಕಡಿಸಿದರೆ "ಏನೋ ಕುಂಭಕರ್ಣ!" ಎಂದು ನಗುತ್ತೇವೆ. ಕೆಲಸದಿಂದ ಬಂದ ಅಪ್ಪ ಸೋಫಾದಲ್ಲೇ ಕಣ್ಣು ಮುಚ್ಚಿದರೆ "ಪಾಪ, ದಣಿದಿದ್ದಾರೆ" ಎಂದು ಸುಮ್ಮನಾಗುತ್ತೇವೆ. ಒಂದೆರಡು ದಿನವಾದರೆ ಸರಿ. ಆದರೆ ಮಧುಮೇಹ, ರಕ್ತದೊತ್ತಡ, ಆಸ್ತಮಾ, ಥೈರಾಯ್ಡ್‌ನಂಥ ದೀರ್ಘಕಾಲದ ಕಾಯಿಲೆ ಇರುವವರು ವಾರಗಟ್ಟಲೆ ಹೀಗೆ ತೂಕಡಿಸಿದರೆ, ಅದನ್ನು ದೇಹದ ಸೂಚನೆ ಎಂದೇ ತಿಳಿಯಬೇಕು.

ಮೊದಲು ನಿದ್ದೆಯ ಲೆಕ್ಕ ನೋಡೋಣ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ, ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಕತಾರಿನ ಬಿಸಿಲಿಗೆ ಹೆದರಿ ನಾವು ಪಾರ್ಕು, ಮಾಲು, ನೆಂಟರ ಮನೆ ಎಲ್ಲವನ್ನೂ ರಾತ್ರಿಗೇ ಇಟ್ಟುಕೊಳ್ಳುತ್ತೇವೆ. ಬೆಳಗಾದರೆ ಶಾಲೆಯ ಬಸ್ಸು ಮಾತ್ರ ಬೇಗನೇ ಬಂದು ನಿಲ್ಲುತ್ತದೆ. ಸಂಜೆಯ ಕರಕ್ ಚಹಾ ಕೂಡ ನಿದ್ದೆಯನ್ನು ದೂರ ತಳ್ಳುತ್ತದೆ.

ಸಾಕಷ್ಟು ಹೊತ್ತು ಮಲಗಿದರೂ ಹಗಲಿನಲ್ಲಿ ನಿದ್ದೆ ಎಳೆಯುತ್ತಿದೆಯೇ? ಹಾಗಿದ್ದರೆ ಕಾರಣ ಬೇರೆ ಇರಬಹುದು.

* ಮಧುಮೇಹ: ರಕ್ತದಲ್ಲಿ ಸಕ್ಕರೆ ಏರಿದರೆ ರಾತ್ರಿ ಮೂತ್ರಕ್ಕೆಂದು ಪದೇ ಪದೇ ಏಳಬೇಕಾಗುತ್ತದೆ. ಸಕ್ಕರೆ ಇಳಿದರೆ ಬೆವತು ಎಚ್ಚರವಾಗಬಹುದು.
* ಆಸ್ತಮಾ: ರಾತ್ರಿ ಕೆಮ್ಮಿ ಏಳುವುದು ಮತ್ತೆ ಮತ್ತೆ ಆಗುತ್ತಿದ್ದರೆ ಆಸ್ತಮಾ ಹತೋಟಿಯಲ್ಲಿಲ್ಲ ಎಂದು ಅರ್ಥ.
* ಕಬ್ಬಿಣದ ಕೊರತೆ, ಥೈರಾಯ್ಡ್: ಇವೆರಡೂ ಆಯಾಸ ತರುತ್ತವೆ. ಕಬ್ಬಿಣ ಕಡಿಮೆಯಾದರೆ ಮಲಗಿದಾಗ ಕಾಲು ಆಡಿಸುತ್ತಲೇ ಇರಬೇಕೆನಿಸಬಹುದು.
* ಔಷಧಿಗಳು: ಅಲರ್ಜಿ, ನೋವು, ಅಪಸ್ಮಾರಕ್ಕೆ ಕೊಡುವ ಕೆಲವು ಮಾತ್ರೆಗಳು ಮಂಪರು ತರುತ್ತವೆ. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಎಲ್ಲಕ್ಕಿಂತ ಹೆಚ್ಚಾಗಿ ಗಮನ ತಪ್ಪುವುದು ಸ್ಲೀಪ್ ಆಪ್ನಿಯಾ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. ಹತ್ತು ಸೆಕೆಂಡು ಅಥವಾ ಇನ್ನೂ ಹೆಚ್ಚು ಹೊತ್ತು ಉಸಿರು ನಿಂತಾಗ ಮೆದುಳು ತಟ್ಟಿ ಎಬ್ಬಿಸುತ್ತದೆ. ರಾತ್ರಿಯಿಡೀ ಹೀಗಾದರೂ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಜೋರು ಗೊರಕೆಯನ್ನು "ಗಾಢ ನಿದ್ದೆ" ಎಂದುಕೊಳ್ಳಬೇಡಿ. ಈ ತೊಂದರೆ ರಕ್ತದೊತ್ತಡ ಮತ್ತು ಮಧುಮೇಹ ಇರುವವರಲ್ಲಿ ಹೆಚ್ಚು. ಮಕ್ಕಳಲ್ಲಿ ಟಾನ್ಸಿಲ್, ಅಡಿನಾಯ್ಡ್ ಊದಿಕೊಂಡರೂ ಬರುತ್ತದೆ. ಅಂಥ ಮಕ್ಕಳು ತೂಕಡಿಸುವ ಬದಲು ಚಡಪಡಿಸಬಹುದು, ಪಾಠದಲ್ಲಿ ಗಮನ ಕಳೆದುಕೊಳ್ಳಬಹುದು.

ದೊಡ್ಡವರು ತಮ್ಮನ್ನು ತಾವೇ ಅಳೆದುಕೊಳ್ಳಲು ಎಪ್ವರ್ತ್ ಮಾಪಕವಿದೆ. ಇದನ್ನು 1991ರಲ್ಲಿ ಮೆಲ್ಬರ್ನ್‌ನ ಡಾ. ಮರ್ರೆ ಜಾನ್ಸ್ ರೂಪಿಸಿದರು. ಓದುವಾಗ, ಟಿವಿ ನೋಡುವಾಗ, ಸಿಗ್ನಲ್‌ನಲ್ಲಿ ಕಾರು ನಿಂತಾಗ ಹೀಗೆ ಎಂಟು ಸಂದರ್ಭಗಳಲ್ಲಿ ನಿದ್ದೆ ಬರುವ ಸಾಧ್ಯತೆಗೆ 0ರಿಂದ 3 ಅಂಕ ಕೊಡಬೇಕು. ಒಟ್ಟು 24ರಲ್ಲಿ 10 ದಾಟಿದರೆ ವೈದ್ಯರನ್ನು ಕಾಣಿ. ದುಖಾನ್‌ಗೋ ರಾಸ್ ಲಫಾನ್‌ಗೋ ನೇರ ಹೆದ್ದಾರಿಯಲ್ಲಿ ದಿನಾ ಕಾರು ಓಡಿಸುವವರು ಇದನ್ನು ಮುಂದೂಡಬಾರದು. ಚಕ್ರದ ಹಿಂದೆ ಒಂದು ಕ್ಷಣದ ಜೊಂಪೂ ಪ್ರಾಣಕ್ಕೆ ಎರವಾದೀತು. ನಿದ್ದೆ ಬಂದರೆ ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ.

ಇಲ್ಲಿ ಹೆಲ್ತ್ ಕಾರ್ಡ್ ಇರುವವರು ಮೊದಲು ತಮ್ಮ ಹೆಲ್ತ್ ಸೆಂಟರ್‌ಗೆ ಹೋಗಬಹುದು. ಅಗತ್ಯವಿದ್ದರೆ ಅಲ್ಲಿಂದ ಹಮದ್ ಆಸ್ಪತ್ರೆಗೆ ಕಳಿಸುತ್ತಾರೆ. ಹೋಗುವ ಮುನ್ನ ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು, ರಾತ್ರಿ ಎಚ್ಚರವಾದದ್ದು, ತೆಗೆದುಕೊಂಡ ಮಾತ್ರೆ ಇವನ್ನೆಲ್ಲ ಬರೆದಿಡಿ. ವೈದ್ಯರಿಗೆ ಅದು ತುಂಬಾ ನೆರವಾಗುತ್ತದೆ.

ಮಕ್ಕಳೇ, ಈ ತಿಂಗಳು ನಿಮಗೊಂದು ಕೆಲಸ. ಊರಿಂದ ಬಂದಿರುವ ಅಜ್ಜಿ ತಾತನೋ, ಅಪ್ಪ ಅಮ್ಮನೋ ಮಲಗಿದ್ದಾಗ ಗೊರಕೆ ನಡುವೆ ಉಸಿರು ನಿಲ್ಲುತ್ತದೆಯೇ ಎಂದು ಕಿವಿಗೊಟ್ಟು ಕೇಳಿ, ಮನೆಯವರಿಗೆ ತಿಳಿಸಿ. ಆ ನಿದ್ದೆಯ ನೋಟ್‌ಬುಕ್ ಅನ್ನು ಕನ್ನಡದಲ್ಲಿ ನೀವೇ ಬರೆಯಿರಿ. ತರಗತಿಯಲ್ಲಿ ಗೆಳೆಯನೊಬ್ಬ ತೂಕಡಿಸಿದರೆ ಗೇಲಿ ಮಾಡಬೇಡಿ. "ರಾತ್ರಿ ನಿದ್ದೆ ಬಂತೇನೋ?" ಎಂದು ಕೇಳಿ. ಅವನು ಇನ್ನೂ ಯಾರಿಗೂ ಹೇಳದ ತೊಂದರೆಯೊಂದು ಆಗ ಹೊರಬರಬಹುದು.

ಎಲ್ಲರಿಗೂ ನೆಮ್ಮದಿಯ ನಿದ್ದೆ ಬರಲಿ. ಮುಂದಿನ ತಿಂಗಳು ಮತ್ತೆ ಸಿಗೋಣ.