ಜೌಗನ್ನು ಚೀಲಕ್ಕೆ ತುಂಬುವವರು

ಮುಂಬೈ, ಪುಣೆಯ ಬಾಲ್ಕನಿಗಳಲ್ಲಿ ಕುಂಡದ ಗಿಡ ಬೆಳೆಸುವವರಿಗೆ ಕೋಕೋಪೀಟ್ ಗೊತ್ತು, ಪೀಟ್ ಗೊತ್ತಿಲ್ಲ. ಕೋಕೋಪೀಟ್ ಎಂದರೆ ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ. ಪೀಟ್‌ನ ಬದಲಿಗೆ ಬಳಕೆಗೆ ಬಂದದ್ದರಿಂದ ಆ ಹೆಸರು ಅಂಟಿಕೊಂಡಿತು. ಬದಲಿ ಸರಕು ಮನೆಮಾತಾಗಿ ಅಸಲು ಅಪರಿಚಿತವಾಗಿಯೇ ಉಳಿದದ್ದು ತಮಾಷೆ. ಈ ಒಂದು ವಿಷಯದಲ್ಲಂತೂ ಬದಲಿಯೇ ಮೇಲು.

ಅಸಲಿ ಪೀಟ್ ಅರ್ಧಕ್ಕೇ ಕೊಳೆತು ನಿಂತ ಸಸ್ಯ. ಸದಾ ನೀರು ನಿಂತಿರುವ ಜೌಗಿನಲ್ಲಿ ಪಾಚಿ, ಹುಲ್ಲು ಸತ್ತು ಬಿದ್ದರೆ ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಸಾಲದು. ಸತ್ತದ್ದು ಪೂರ್ತಿ ಮಣ್ಣಾಗದೆ ಪದರ ಪದರವಾಗಿ ಕೂರುತ್ತದೆ, ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಒಂದು ಮೀಟರ್ ದಪ್ಪಕ್ಕೆ ಸಾವಿರ ವರ್ಷ. ಭೂಮಿಯ ನೆಲದಲ್ಲಿ ಶೇ. 3ರಷ್ಟು ಭಾಗದಲ್ಲಿ ಮಾತ್ರ ಪೀಟ್ ಇದೆ; ಅದರಲ್ಲಿ ಹುದುಗಿರುವ ಇಂಗಾಲ ಜಗತ್ತಿನ ಕಾಡುಗಳ ಎಲ್ಲ ಮರಗಳಲ್ಲಿ ಇರುವುದಕ್ಕಿಂತ ಹೆಚ್ಚು. ಕಾಲುವೆ ತೋಡಿ ನೀರು ಬಸಿದರೆ ಸಾಕು, ಆ ಇಂಗಾಲ ಗಾಳಿಗೆ ಸೇರತೊಡಗುತ್ತದೆ. ಬೆಂಕಿಯೂ ಬೇಕಿಲ್ಲ.

ಐರ್ಲೆಂಡಿನಲ್ಲಿ ಇದು ಬಡವರ ಸೌದೆಯಾಗಿತ್ತು. ಮರ ಕಡಿಮೆಯಿದ್ದ ಆ ನಾಡಿನಲ್ಲಿ ಉದ್ದ ಅಲಗಿನ ಸಲಿಕೆಯಿಂದ ಇಟ್ಟಿಗೆಯಂತೆ ಕೊಯ್ದು, ಬೇಸಿಗೆಯಲ್ಲಿ ಒಣಗಿಸಿ, ಚಳಿಗಾಲಕ್ಕೆ ಒಟ್ಟಿಕೊಳ್ಳುತ್ತಿದ್ದರು. 1946ರಲ್ಲಿ ಬೋರ್ಡ್ ನಾ ಮೋನಾ ಎಂಬ ಸರ್ಕಾರಿ ಸಂಸ್ಥೆ ಬಂತು. ಸಲಿಕೆಯ ಜಾಗಕ್ಕೆ ದೈತ್ಯ ಯಂತ್ರಗಳು ಇಳಿದವು, ಪೀಟ್ ಸುಟ್ಟು ವಿದ್ಯುತ್ ತಯಾರಿಸಿದರು. 2021ರ ಜನವರಿಯಲ್ಲಿ ಅದೇ ಸಂಸ್ಥೆ ಪೀಟ್ ತೆಗೆಯುವುದನ್ನು ಪೂರ್ತಿ ನಿಲ್ಲಿಸುವುದಾಗಿ ಘೋಷಿಸಿತು. 2022ರಲ್ಲಿ ಸರ್ಕಾರ ಅಂಗಡಿ ಮತ್ತು ಆನ್‌ಲೈನ್ ಮಾರಾಟಕ್ಕೆ ತಡೆ ಹಾಕಿ, ಜೌಗಿನಲ್ಲಿ ಕೊಯ್ಯುವ ಹಕ್ಕಿದ್ದ ಕುಟುಂಬಗಳಿಗೆ ಸ್ವಂತ ಒಲೆಗೆ ಕೊಯ್ಯಲು ಬಿಟ್ಟಿತು. ಆ ರಿಯಾಯಿತಿ ಸರಿಯೇ. ಹಳ್ಳಿಯ ಮುದುಕನೊಬ್ಬ ಚಳಿಗೆ ಸುಡುವ ಪೀಟ್‌ಗೂ ನಗರದ ಹೂಕುಂಡಕ್ಕೆ ಟನ್ನುಗಟ್ಟಲೆ ತುಂಬುವ ಪೀಟ್‌ಗೂ ಒಂದೇ ತಕ್ಕಡಿ ಹಿಡಿಯಲಾಗದು.

ಪೇಚಿಗೆ ಸಿಕ್ಕಿದ್ದು ತೋಟಗಾರಿಕೆ. ಅಣಬೆ ಬೆಳೆಯುವವರಿಗೆ, ಸಸಿ ಮಾಡುವವರಿಗೆ ಪೀಟ್ ಬೇಕೇ ಬೇಕಿತ್ತು. ಅದೇ 2021ರಲ್ಲಿ, ಜೌಗಿನ ಮೇಲೆಯೇ ಕೂತಿರುವ ದೇಶ, ಲಾಟ್ವಿಯಾದಿಂದ ಹಡಗಿನಲ್ಲಿ ಪೀಟ್ ತರಿಸಿಕೊಂಡಿತು. ಐರ್ಲೆಂಡಿನ ಪೀಟ್ ಹೊರದೇಶಕ್ಕೆ ಹೋಗುವುದೂ ನಿಂತಿರಲಿಲ್ಲ ಎನ್ನಿ. ಬೇಡಿಕೆಯನ್ನು ಮುಟ್ಟದೆ ಗಣಿಯನ್ನಷ್ಟೇ ಮುಚ್ಚಿದ್ದರಿಂದ ಗುಂಡಿ ಇನ್ನೊಂದು ದೇಶಕ್ಕೆ ವರ್ಗವಾಯಿತು, ಜೊತೆಗೆ ಹಡಗಿನ ಹೊಗೆ. ಹಾಗಾಗಿ ಈ ಜಗಳದಲ್ಲಿ ಕೊಳ್ಳುವವನಿಗೂ ಪಾಲಿದೆ, ಅವನು ಎಷ್ಟೇ ದೂರದಲ್ಲಿರಲಿ.

ಇದೆಲ್ಲ ಯುರೋಪಿನ ಗೋಳು ಎನ್ನುವಂತಿಲ್ಲ. ಊಟಿಯ ಸುತ್ತಿನ ಎತ್ತರದ ಕಣಿವೆಗಳಲ್ಲೂ ಪೀಟ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಅದರ ಪದರಗಳಲ್ಲಿನ ಇಂಗಾಲದ ಐಸೋಟೋಪುಗಳನ್ನು ಅಳೆದು 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಣಹವೆಗೆ ಒಗ್ಗುವ ಹುಲ್ಲಿನ ಇಂಗಾಲ ಒಂದು ಬಗೆ, ತೇವ ಬೇಡುವ ಗಿಡಗಳದು ಇನ್ನೊಂದು. ಆ ವ್ಯತ್ಯಾಸ ಹಿಡಿದು ಕಳೆದ 20,000 ವರ್ಷಗಳಲ್ಲಿ ನೀಲಗಿರಿಯ ಮಳೆ ಯಾವಾಗ ಹೆಚ್ಚಿತು, ಯಾವಾಗ ಸೊರಗಿತು ಎಂದು ಓದಿದರು. ಮಳೆಗೆ ಅಷ್ಟು ಹಳೆಯ ದಫ್ತರ ದಕ್ಷಿಣ ಭಾರತದಲ್ಲಿ ಅಪರೂಪ. ಕೊಯ್ದು ಒಲೆಗೋ ಗೊಬ್ಬರಕ್ಕೋ ಹಾಕಿದ್ದರೆ ಅದು ಇರುತ್ತಿರಲಿಲ್ಲ.

ಕೋಕೋಪೀಟ್ ನಿಷ್ಪಾಪಿಯೇನಲ್ಲ. ಅದರ ಉಪ್ಪನ್ನು ತೊಳೆಯಲು ಬೇಕಾದಷ್ಟು ನೀರು ಸುರಿಯಬೇಕು, ಆ ಕಂದು ನೀರು ಎಲ್ಲಿಗೆ ಹರಿಯುತ್ತದೆಂದು ಊರವರು ಕೇಳಬೇಕು. ಆದರೂ ತೆಂಗು ವರ್ಷವರ್ಷವೂ ಕಾಯಿ ಬಿಡುತ್ತದೆ, ತುಮಕೂರು ಸೀಮೆಯಲ್ಲಿ ಸಿಪ್ಪೆಗೇನೂ ಬರವಿಲ್ಲ. ಆಮದಾದ ‘ಪೀಟ್ ಮಾಸ್’ ಚೀಲ ಮಾತ್ರ ಬೇರೆಯದೇ ಸರಕು. ಕೀಟ ಹಿಡಿದು ತಿನ್ನುವ ಗಿಡಗಳ ಹವ್ಯಾಸಿಗಳು ಅದಿಲ್ಲದೆ ಕಷ್ಟ ಎನ್ನುತ್ತಾರೆ. ಅವು ಜೌಗಿನಲ್ಲೇ ಹುಟ್ಟಿದ ಗಿಡಗಳು, ಒಪ್ಪಬಹುದು. ತುಳಸಿ, ದಾಸವಾಳದ ಪರವಾಗಿ ಆ ವಾದ ಹೂಡಲಾಗದು.