ವೆಬ್‌ಸ್ಟರ್: ಒಂದು ಕಸುಬಿನ ಹೆಸರು ಮತ್ತು ಮಗ್ಗದ ಮುಂದಿನ ಹೆಣ್ಣು

'ದಿ ವೈಟ್ ಡೆವಿಲ್', 'ದಿ ಡಚೆಸ್ ಆಫ್ ಮಾಲ್ಫಿ' ನಾಟಕಗಳ ಕರ್ತೃ ಜಾನ್ ವೆಬ್‌ಸ್ಟರ್ ಷೇಕ್ಸ್‌ಪಿಯರನ ಕಿರಿಯ ಸಮಕಾಲೀನ. ಅವನ ತಂದೆ ಲಂಡನ್ನಿನ ಸ್ಮಿತ್‌ಫೀಲ್ಡ್ ಬಳಿ ಸಾರೋಟು ತಯಾರಿಸುತ್ತಿದ್ದವನು. ಸಾರೋಟು ಕಸುಬಿನವರಿಗೆ ತಮ್ಮದೇ ಸಂಘ ದೊರೆತದ್ದು 1677ರಲ್ಲಿ. ಅದಕ್ಕೂ ಹಿಂದಿನ ಈ ಮನೆತನ ಮರ್ಚೆಂಟ್ ಟೇಲರ್ಸ್ ಎಂಬ ದರ್ಜಿಗಳ ಸಂಘಕ್ಕೆ ಸೇರಿತ್ತು. 1615ರಲ್ಲಿ ನಾಟಕಕಾರನೂ ತಂದೆಯ ಹಕ್ಕಿನಿಂದ ಅದರ ಸದಸ್ಯನಾದ. ಹೆಸರು ನೇಯ್ಗೆಯದು, ಸಂಘ ಹೊಲಿಗೆಯದು, ಕಸುಬು ಗಾಲಿಯದು, ಕೀರ್ತಿ ರಂಗಭೂಮಿಯದು! ಕುಲನಾಮವನ್ನು ನೋಡಿ ಮನೆತನದ ವೃತ್ತಿಯನ್ನು ಹೇಳಿಬಿಡುವ ಉತ್ಸಾಹಿಗಳಿಗೆ ಈ ಒಂದು ಉದಾಹರಣೆಯೇ ಸಾಕು.

ಆದರೆ ವೆಬ್‌ಸ್ಟರ್ ಎಂಬ ಹೆಸರಿನಲ್ಲಿ ಇದಕ್ಕಿಂತ ಆಳವಾದ ತೊಡಕೊಂದಿದೆ. ಹಳೆಯ ಇಂಗ್ಲಿಷಿನಲ್ಲಿ 'ವೆಬ್ಬ' ಎಂದರೆ ನೇಯುವವನು, 'ವೆಬ್ಬೆಸ್ಟ್ರೆ' ಎಂದರೆ ನೇಯುವವಳು. 'ಎಸ್ಟ್ರೆ' ಎಂಬುದು ಕಸುಬಿನ ಹೆಣ್ಣನ್ನು ಸೂಚಿಸುವ ಪ್ರತ್ಯಯ. ಕನ್ನಡದ ಹೂವಾಡಗಿತ್ತಿ, ಅಗಸಗಿತ್ತಿಗಳಲ್ಲಿರುವ 'ಗಿತ್ತಿ'ಯಂಥದು. ರೊಟ್ಟಿ ಸುಡುವವಳಿಂದ ಬ್ಯಾಕ್ಸ್‌ಟರ್, ಮದ್ಯ ಕುದಿಸುವವಳಿಂದ ಬ್ರೂಸ್ಟರ್ ಹುಟ್ಟಿದ್ದೂ ಇದೇ ದಾರಿಯಲ್ಲಿ. ನೇಯ್ಗೆಯ ಕುಲನಾಮಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ದಕ್ಷಿಣದಲ್ಲಿ ವೆಬ್, ಡೆವನ್ ಮತ್ತು ಸಾಮರ್‌ಸೆಟ್‌ಗಳ ಕಡೆ ವೆಬ್ಬರ್, ಉತ್ತರದಲ್ಲಿಯೂ ಸ್ಕಾಟ್ಲೆಂಡಿನಲ್ಲಿಯೂ ವೆಬ್‌ಸ್ಟರ್. ಎಲ್ಲಕ್ಕಿಂತ ನೇರವಾಗಿ ಕಾಣುವ ವೀವರ್ ಎಂಬ ಹೆಸರೇ ಕೆಲವೊಮ್ಮೆ ಕಸುಬಿನದಲ್ಲ, ಚೆಷೈರಿನ ವೀವರ್ ಎಂಬ ಸ್ಥಳದಿಂದ ಬಂದದ್ದು.

ಹೆಣ್ಣಿನ ಕಸುಬಿನ ಹೆಸರು ಗಂಡಸರ ಕುಲನಾಮವಾದದ್ದು ಹೇಗೆ? ಇದಕ್ಕೆ ಇಂದು ಎರಡು ಉತ್ತರಗಳು ಚಲಾವಣೆಯಲ್ಲಿವೆ. ವೆಬ್‌ಸ್ಟರ್ ಮನೆತನಗಳೆಲ್ಲ ಒಬ್ಬೊಬ್ಬ ನೇಯ್ಗೆಯ ಅಜ್ಜಿಯಿಂದ ಹೊರಟವು, ಇದು ಮಾತೃಮೂಲದ ಹೆಸರು ಎಂಬುದು ಒಂದು. ಕೇಳಲು ಹಿತವಾದ ಮಾತು ಇದು. ಪ್ರತ್ಯಯ ಬಹು ಹಿಂದೆಯೇ ಸ್ತ್ರೀಲಿಂಗವನ್ನು ಕಳೆದುಕೊಂಡಿತ್ತು, ಆದ್ದರಿಂದ ಈ ಹೆಸರುಗಳಿಗೂ ಹೆಂಗಸರಿಗೂ ಸಂಬಂಧವೇ ಇಲ್ಲ ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯಗಳು.

ಎರಡನೆಯ ಪಕ್ಷಕ್ಕೆ ಗಟ್ಟಿಯಾದ ಆಧಾರಗಳಿವೆ ಎಂಬುದನ್ನು ಒಪ್ಪಲೇಬೇಕು. ಬೈಬಲಿನ ಆದಿಕಾಂಡದ ಹಳೆಯ ಇಂಗ್ಲಿಷ್ ಅನುವಾದದಲ್ಲಿ ಫರೋಹನ ರೊಟ್ಟಿಗಾರನಿಗೆ ಬಳಸಿರುವುದು ಇದೇ ಸ್ತ್ರೀಲಿಂಗದ ಪದ. ಅವನು ಗಂಡಸೆಂಬುದರಲ್ಲಿ ಅನುಮಾನವಿಲ್ಲ. ಡೆಂಪ್‌ಸ್ಟರ್ ಎಂದರೆ ತೀರ್ಪು ಹೇಳುವವನು. ಮ್ಯಾನ್ ದ್ವೀಪದ ನ್ಯಾಯಾಧೀಶರಿಗೆ ಇಂದಿಗೂ ಡೀಮ್‌ಸ್ಟರ್ ಎಂದೇ ಹೆಸರು. ಮಧ್ಯಯುಗದ ನ್ಯಾಯಪೀಠಗಳಲ್ಲಿ ಹೆಂಗಸರು ಕುಳಿತಿದ್ದರೆಂದು ಯಾರೂ ವಾದಿಸಲಾರರು. ಹೊಲಿಯುವವಳು ಎಂಬ ಅರ್ಥದ 'ಸೀಮ್‌ಸ್ಟರ್' ಪದಕ್ಕೆ ಮುಂದೆ ಫ್ರೆಂಚ್ ಮೂಲದ ಇನ್ನೊಂದು ಸ್ತ್ರೀಪ್ರತ್ಯಯ ಸೇರಿ 'ಸೀಮ್‌ಸ್ಟ್ರೆಸ್' ಆಯಿತು. ಮೊದಲ ಪ್ರತ್ಯಯ ಹೆಣ್ಣನ್ನು ಹೇಳುತ್ತಿದೆ ಎಂಬ ಅರಿವು ಉಳಿದಿದ್ದರೆ ಎರಡನೆಯದರ ಅಗತ್ಯವೇ ಬೀಳುತ್ತಿರಲಿಲ್ಲ.

ಆದರೂ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಗಂಡಸರು ಒಂದು ಕಸುಬಿಗೆ ಬಂದು ಅಲ್ಲಿದ್ದ ಹೆಣ್ಣುಹೆಸರನ್ನೇ ತಮ್ಮದಾಗಿಸಿಕೊಂಡರೆಂದರೆ, ಆ ಕಸುಬು ಮೊದಲು ಯಾರ ಕೈಯಲ್ಲಿತ್ತು? ಮದ್ಯ ತಯಾರಿಕೆಯ ವಿಷಯದಲ್ಲಿ ಇದನ್ನು ಜೂಡಿತ್ ಬೆನೆಟ್ 1996ರ ತಮ್ಮ ಗ್ರಂಥದಲ್ಲಿ ದಾಖಲೆಗಳ ಸಮೇತ ತೋರಿಸಿದ್ದಾರೆ: 1300ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬಹುಪಾಲು ಹೆಂಗಸರದ್ದಾಗಿದ್ದ ಉದ್ಯೋಗ 1600ರ ಹೊತ್ತಿಗೆ ಬಹುತೇಕ ಗಂಡಸರದ್ದಾಗಿತ್ತು. ಬಂಡವಾಳವೂ ಸಂಘಗಳ ಬಲವೂ ಬೇಕಾಗುತ್ತ ಹೋದಂತೆ ಬ್ರೂಸ್ಟರಳು ಮರೆಯಾದಳು, ಬ್ರೂಸ್ಟರನು ಉಳಿದನು.

ನೇಯ್ಗೆಯಲ್ಲಿ ಈ ಹೊರದೂಡುವಿಕೆ ಕಟ್ಟಳೆಯ ರೂಪವನ್ನೇ ತಾಳಿತು. 1461ರಲ್ಲಿ ಬ್ರಿಸ್ಟಲ್ ನಗರದಲ್ಲಿ ನೇಕಾರರು ತಮ್ಮ ಹೆಂಡತಿ, ಹೆಣ್ಣುಮಕ್ಕಳು, ಮನೆಗೆಲಸದ ಹುಡುಗಿಯರನ್ನು ಮಗ್ಗಕ್ಕೆ ಕೂರಿಸಬಾರದೆಂದು ನಿಷೇಧಿಸಲಾಯಿತು. ಇದರಿಂದ ಗಂಡಸರಿಗೆ ಕೆಲಸವಿಲ್ಲದಾಗುತ್ತಿದೆ ಎಂಬುದು ಕೊಟ್ಟ ಕಾರಣ. ನಿಷೇಧವೊಂದು ಹುಟ್ಟುವುದು ಆ ಆಚರಣೆ ಇದ್ದಾಗ ಮಾತ್ರ. ಹೆಂಗಸರು ನೇಯುತ್ತಿರಲಿಲ್ಲ ಎನ್ನುವವರು ಈ ಕಟ್ಟಳೆಗೆ ಉತ್ತರ ಹೇಳಬೇಕಾಗುತ್ತದೆ.

ಹಾಗಾದರೆ ವೆಬ್‌ಸ್ಟರ್ ಮನೆತನದ ಮೂಲದಲ್ಲಿ ನೇಯುವವಳನ್ನು ಹುಡುಕಬಹುದೆ? ಇಲ್ಲಿಯೇ ಮೊದಲ ಪಕ್ಷ ಎಡವುತ್ತದೆ. ಇಂಗ್ಲೆಂಡಿನ ಕುಲನಾಮಗಳು ಬಹುಮಟ್ಟಿಗೆ ಆನುವಂಶಿಕವಾಗಿ ನಿಂತದ್ದು 1400ರ ಆಸುಪಾಸಿನೊಳಗೆ, ಉತ್ತರದಲ್ಲಿ ಇನ್ನೂ ತಡವಾಗಿ. ನಿಂತದ್ದೂ ಸಾಮಾನ್ಯವಾಗಿ ತಂದೆಯ ಕಡೆಯಿಂದ. 1379ರ ತಲೆಗಂದಾಯದಲ್ಲಿ ಗಂಡಹೆಂಡಿರಿಗೆ ಸೇರಿ ಒಂದೇ ತೆರಿಗೆ. ಹೀಗಾಗಿ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಕಾಣಸಿಗುವವರು ವಿಧವೆಯರು ಮತ್ತು ಅವಿವಾಹಿತೆಯರು; ಗಂಡನ ಪಕ್ಕದಲ್ಲೇ ಕುಳಿತು ನೇಯುತ್ತಿದ್ದವಳ ಕಸುಬು ಅವನ ಹೆಸರಿನಡಿ ಅಡಗಿಹೋಯಿತು. ವಿಧವೆಯಾದ ತಾಯಿಯಿಂದ ಹೆಸರು ಇಳಿದುಬಂದಿರುವ ಸಂದರ್ಭಗಳು ಅಸಾಧ್ಯವೇನಲ್ಲ, ಆದರೆ ಅದಕ್ಕೆ ಆಯಾ ಮನೆತನದ ದಾಖಲೆಯೇ ಬೇಕು, ಪ್ರತ್ಯಯ ಸಾಲದು. ವೆಬ್‌ಸ್ಟರ್ ಪದದಲ್ಲಿ ಹೆಣ್ಣಿನ ಚರಿತ್ರೆಯಿದೆ. ವೆಬ್‌ಸ್ಟರ್ ವಂಶದಲ್ಲಿ ಅದು ಇರಲೇಬೇಕೆಂದಿಲ್ಲ. ಪದದ ಚರಿತ್ರೆಯನ್ನೂ ವ್ಯಕ್ತಿಯ ಚರಿತ್ರೆಯನ್ನೂ ಒಂದಾಗಿಸುವ ಅವಸರ ನಾಮಶಾಸ್ತ್ರದ ಹಳೆಯ ಜಾಡ್ಯ.

ಈ ಮಾತಿಗೆ ಬಲವಾದ ಸಾಕ್ಷಿ ನೂಲುವವಳು, ಅಂದರೆ ಸ್ಪಿನ್‌ಸ್ಟರ್. ನೇಯ್ಗೆಗಿಂತ ಎಷ್ಟೋ ಹೆಚ್ಚು ಕೈಗಳನ್ನು ಬೇಡುತ್ತಿದ್ದ ಕೆಲಸ ನೂಲುವುದು, ಮನೆಮನೆಯಲ್ಲಿ ನಡೆಯುತ್ತಿತ್ತು. ಆದರೂ ಸ್ಪಿನ್‌ಸ್ಟರ್ ಎಂಬುದು ಕುಲನಾಮವಾಗಿ ನೆಲೆಯೂರಲಿಲ್ಲ. ನೂಲುವ ಕೆಲಸ ಕೊನೆಯವರೆಗೂ ಹೆಂಗಸರಲ್ಲೇ ಉಳಿಯಿತು. ಹೆಸರನ್ನು ಮಕ್ಕಳಿಗೆ ದಾಟಿಸುವ ಗಂಡಸರು ಅದರತ್ತ ಬರಲಿಲ್ಲ. ಕನ್ನಡದಲ್ಲಿಯೂ ಹನ್ನೆರಡನೆಯ ಶತಮಾನದ ವಚನಕಾರ್ತಿ ಕದಿರ ರೆಮ್ಮವ್ವೆಯ ಹೆಸರಿನಲ್ಲಿ ನೂಲುವ ಕದಿರು ನಿಂತಿದೆ, ಆದರೆ ಅದು ಅವಳೊಬ್ಬಳ ವಿಶೇಷಣ, ವಂಶದ ಹೆಸರಲ್ಲ. ಇಂಗ್ಲೆಂಡಿನಲ್ಲಿ ಸ್ಪಿನ್‌ಸ್ಟರ್ ಪದ 17ನೆಯ ಶತಮಾನದಿಂದ ಮದುವೆಯಾಗದ ಹೆಣ್ಣಿನ ಕಾನೂನುಬದ್ಧ ವಿಶೇಷಣವಾಯಿತು; ಇಂಗ್ಲೆಂಡ್ ಮತ್ತು ವೇಲ್ಸ್‌ನ ವಿವಾಹ ನೋಂದಣಿ ಪುಸ್ತಕಗಳಿಂದ ಅದನ್ನು ಕೈಬಿಟ್ಟದ್ದು 2005ರಲ್ಲಿ.